ನಿಮಗಿದು ಗೊತ್ತೇ? ಯುರೋಪು ಹೊರಳಿದ ಕಾಲಕ್ಕೆ ನಮ್ಮ ನಾಲ್ಕು ತಾಲೂಕು

ಶಾಲೆಯ ಪುಸ್ತಕದಲ್ಲಿ ಯುರೋಪಿನ ಮಧ್ಯಯುಗ ಎಂದರೆ ಇಸವಿಗಳ ಒಂದು ಸಾಲು: 1066, 1215, 1347, 1453. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮಕ್ಕಳೂ ಇವನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆಯುತ್ತಾರೆ. ಅದೇ ಕಾಲಕ್ಕೆ ಭೀಮೆ ಮತ್ತು ಕೃಷ್ಣೆಯ ನಡುವಿನ ಈ ಎರೆಮಣ್ಣಿನ ಸೀಮೆಯಲ್ಲಿ ಏನು ನಡೆದಿತ್ತು? ಈ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬರುವುದಿಲ್ಲ. ಚಡಚಣ, ದೇವರ ಹಿಪ್ಪರಗಿ, ತಾಳಿಕೋಟಿ ಈಗ ಬೇರೆ ತಾಲೂಕುಗಳಾಗಿವೆ. ನಾವಿಲ್ಲಿ ಹಳೆಯ ಗಡಿಗಳನ್ನೇ ಹಿಡಿದು, ಅಲ್ಲಿಯ ಒಂದೊಂದು ತಿರುವಿನ ಪಕ್ಕ ಇಲ್ಲಿಯದೊಂದನ್ನು ಇಟ್ಟು ನೋಡೋಣ.

ಗದ್ದುಗೆ

• ಪಶ್ಚಿಮ ಯುರೋಪಿನ ಬಹುಭಾಗವನ್ನು ಒಂದುಗೂಡಿಸಿದ ಚಕ್ರವರ್ತಿ ಶಾರ್ಲಮೇನ್ ತೀರಿಕೊಂಡದ್ದು 814ರಲ್ಲಿ. ಈ ಸೀಮೆಯನ್ನೆಲ್ಲ ಆಳುತ್ತಿದ್ದ ರಾಷ್ಟ್ರಕೂಟರ ಗದ್ದುಗೆಗೆ ಬಾಲಕ ಅಮೋಘವರ್ಷ ಬಂದದ್ದೂ ಅದೇ 814ರಲ್ಲಿ. ಅಲ್ಲಿ ಸಾಮ್ರಾಜ್ಯ ಮೊಮ್ಮಕ್ಕಳ ಕೈಯಲ್ಲಿ ಮೂರು ಪಾಲಾಯಿತು. ಇಲ್ಲಿ ಒಬ್ಬನೇ ಅರಸ 60 ವರ್ಷಕ್ಕೂ ಮೇಲೆ ಆಳಿದ.

• ಆ ಮೊಮ್ಮಕ್ಕಳಲ್ಲಿ ಇಬ್ಬರು 842ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಮಾಡಿಕೊಂಡ ಪ್ರಮಾಣವಚನವೇ ಫ್ರೆಂಚ್ ಭಾಷೆಯ ಮೊದಲ ಬರಹ ಎನ್ನುತ್ತಾರೆ. ಅದಾಗಿ ಹತ್ತು ವರ್ಷದ ಆಸುಪಾಸಿನಲ್ಲಿ ಅಮೋಘವರ್ಷನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಸಿದ್ಧವಾಯಿತು. ಅಲ್ಲಿಯ ಜನಭಾಷೆ ಆಗ ತಾನೇ ಬರಹಕ್ಕೆ ಇಳಿಯುತ್ತಿತ್ತು. ಇಲ್ಲಿಯ ಜನಭಾಷೆಗೆ ಕಾವ್ಯದ ಲಕ್ಷಣ ಹೇಳುವ ಗ್ರಂಥವೇ ಬಂದಿತ್ತು.

• 851ರ ಅರಬ್ಬಿ ವೃತ್ತಾಂತವೊಂದು ಜಗತ್ತಿನ ನಾಲ್ವರು ದೊಡ್ಡ ಅರಸರನ್ನು ಹೆಸರಿಸುತ್ತದೆ: ಬಾಗ್ದಾದಿನ ಖಲೀಫ, ಚೀನದ ಚಕ್ರವರ್ತಿ, ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿ, ನಾಲ್ಕನೆಯವನು ‘ಬಲ್ಹರಾ’. ಬಲ್ಹರಾ ಎಂದರೆ ವಲ್ಲಭರಾಜ, ನಮ್ಮ ರಾಷ್ಟ್ರಕೂಟ ದೊರೆ.

• ಫ್ರಾನ್ಸಿನಲ್ಲಿ 987ರಲ್ಲಿ ಹ್ಯೂ ಕ್ಯಾಪೆ ಎಂಬ ಸಾಮಂತ ಶಾರ್ಲಮೇನನ ವಂಶವನ್ನು ಬದಿಗೆ ಸರಿಸಿ ತಾನೇ ರಾಜನಾದ. ಯುರೋಪಿನ ಇತಿಹಾಸಕಾರರು ಇದನ್ನು ದೊಡ್ಡ ತಿರುವು ಎನ್ನುತ್ತಾರೆ. ಅದಕ್ಕೆ 14 ವರ್ಷ ಮೊದಲೇ ಇಂಥದೇ ತಿರುವು ಇಲ್ಲಿಂದ ಎದ್ದಿತ್ತು. ಬಾಗೇವಾಡಿ ತಾಲೂಕಿನ ನರಸಲಗಿಯ 965ರ ಶಾಸನದಲ್ಲಿ ತೈಲಪ ಎಂಬ ಸಾಮಂತನ ಹೆಸರಿದೆ. ಮೂರನೆಯ ಕೃಷ್ಣನು ಇವನಿಗೆ ತರ್ದವಾಡಿ ಸಾಸಿರನಾಡನ್ನು ಸೇವೆಯ ಉಂಬಳಿಯಾಗಿ ಬಿಟ್ಟಿದ್ದ. 972ರಲ್ಲಿ ಮಾಳವದ ಪರಮಾರರು ರಾಷ್ಟ್ರಕೂಟರ ರಾಜಧಾನಿ ಮಳಖೇಡವನ್ನು ಸೂರೆ ಮಾಡಿದರು. ಮರುವರ್ಷವೇ ತೈಲಪ ಮೇಲೆದ್ದು ಚಾಲುಕ್ಯರ ಕೊಡೆಯನ್ನು ಮತ್ತೆ ಹಿಡಿಸಿದ. ಕಲ್ಯಾಣದ ಚಾಲುಕ್ಯರು ಎಂದು ನಾವು ಓದುವ ಎರಡು ಶತಮಾನಗಳ ಬೀಜ ಇರುವುದು ನಮ್ಮ ವಿಜಯಪುರ ಜಿಲ್ಲೆಯ ಹೊಲಗಳಲ್ಲಿ. ಇಂಡಿ ಭಾಗದ ಭೀಮಾ ದಂಡೆಯ ತದ್ದೇವಾಡಿಯೇ ಅಂದಿನ ತರ್ದವಾಡಿ ಎಂದು ವಿದ್ವಾಂಸರು ಗುರುತಿಸಿದ್ದಾರೆ.

• ಜರ್ಮನಿಯಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯವನ್ನು ನೆಲೆಗೊಳಿಸಿದ ಒಂದನೆಯ ಒಟ್ಟೊ ತೀರಿದ್ದೂ ತೈಲಪ ಮೇಲೆದ್ದ 973ರಲ್ಲೇ.

• ನಾರ್ಮನ್ನರ ವಿಲಿಯಂ ಇಂಗ್ಲೆಂಡನ್ನು ಗೆದ್ದದ್ದು 1066ರಲ್ಲಿ. ಹತ್ತು ವರ್ಷ ಕಳೆದು 1076ರಲ್ಲಿ ಆರನೆಯ ವಿಕ್ರಮಾದಿತ್ಯ ಕಲ್ಯಾಣದ ಗದ್ದುಗೆ ಏರಿದ. ಹಳೆಯ ಶಕವರ್ಷ ಬಿಟ್ಟು ತನ್ನ ಹೆಸರಿನದೇ ಹೊಸ ವರ್ಷಗಣನೆ ಶುರುಮಾಡಿದ. ನಮ್ಮ ಭಾಗದ ಹಳೆಯ ಗುಡಿಯ ಕಲ್ಲಿನಲ್ಲಿ ‘ಚಾಲುಕ್ಯ ವಿಕ್ರಮ ವರ್ಷ’ ಎಂದು ಕಂಡರೆ ಆ ಅಂಕಿಗೆ 1075 ಕೂಡಿಸಿ. ಇಸವಿ ಸಿಗುತ್ತದೆ.

ಶಾಲೆ

• ಯುರೋಪಿನ ಅತಿ ಹಳೆಯ ವಿಶ್ವವಿದ್ಯಾಲಯ ಇಟಲಿಯ ಬೊಲೊನ್ಯ. ಅದರ ಹುಟ್ಟು 1088 ಎಂದು ವಾಡಿಕೆ. ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ಒಂದು ಮಹಾಶಾಲೆ ಇದ್ದುದಕ್ಕೆ 945ರ ಶಾಸನವಿದೆ. ಲೆಕ್ಕ ಹಾಕಿದರೆ ಬೊಲೊನ್ಯಕ್ಕಿಂತ 143 ವರ್ಷ ಮೊದಲು.

• ಆಗ ಈ ಊರಿನ ಹೆಸರು ಪಾವಿಟ್ಟಗೆ. ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಶಾಲೆ ಕಟ್ಟಿಸಿದ. ಬೇರೆ ಬೇರೆ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರು ಉಳಿಯಲು 27 ಮನೆಗಳಿದ್ದವು. ಇಂದಿನ ಮಾತಿನಲ್ಲಿ ಹಾಸ್ಟೆಲ್.

• ಕಟ್ಟಡ ಕಟ್ಟಿಸಿ ಕೈ ತೊಳೆದುಕೊಂಡ ದಾನ ಅದಲ್ಲ. ದೀಪದ ಎಣ್ಣೆಯ ಖರ್ಚಿಗೆಂದೇ 12 ನಿವರ್ತನ ಹೊಲ, ಮುಖ್ಯ ಉಪಾಧ್ಯಾಯರ ಜೀವನಕ್ಕೆ 50 ನಿವರ್ತನ ಹೊಲ ಬಿಟ್ಟಿದ್ದರು. ರಾತ್ರಿ ಓದುವ ಹುಡುಗನ ಮುಂದೆ ದೀಪ ಆರಬಾರದು ಎಂದು ಸಾವಿರ ವರ್ಷದ ಹಿಂದೆ ಯಾರೋ ಯೋಚಿಸಿ ಕಲ್ಲಿನಲ್ಲಿ ಕೆತ್ತಿಸಿದರು.

• ಊರ ಜನರ ಪಾಲೂ ಆ ಕಲ್ಲಿನಲ್ಲಿದೆ. ಮನೆಯಲ್ಲಿ ಮದುವೆಯಾದರೆ ಶಾಲೆಗೆ 5 ನಾಣ್ಯ, ಮುಂಜಿವೆಯಾದರೆ ಅದರ ಅರ್ಧ, ಜವಳವಾದರೆ ಆ ಅರ್ಧದ ಅರ್ಧ. ಊರಲ್ಲಿ ಊಟ ಹಾಕಿಸುವವರು ಗುರುಗಳನ್ನೂ ವಿದ್ಯಾರ್ಥಿಗಳನ್ನೂ ಕರೆಯಬೇಕಿತ್ತು.

• ಬೊಲೊನ್ಯದ ಹೆಸರು ಬೆಳೆದದ್ದು ಕಾನೂನಿನ ಪಾಠದಿಂದ. ಅಲ್ಲಿ ಇರ್ನೇರಿಯಸ್ ಹಳೆಯ ರೋಮನ್ ಕಾನೂನಿಗೆ ಟಿಪ್ಪಣಿ ಬರೆಯುತ್ತಿದ್ದ ಕಾಲಕ್ಕೇ, ವಿಕ್ರಮಾದಿತ್ಯನ ಆಳಿಕೆಯಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಹಿರಿಯರ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ನಿಯಮದ ಬೇರು ಅದರಲ್ಲಿದೆ. ಸಿಂದಗಿಯ ಕೋರ್ಟಿನಲ್ಲಿ ಅಣ್ಣತಮ್ಮಂದಿರು ಹೊಲದ ವಾಟ್ನಿಗೆ ನಿಂತಾಗ ವಕೀಲರ ವಾದದ ಹಿಂದೆ ಈ ಪುಸ್ತಕದ ನೆರಳು ಇದ್ದೇ ಇರುತ್ತದೆ. ಹೆಣ್ಣುಮಕ್ಕಳಿಗೂ ಹುಟ್ಟಿನ ಹಕ್ಕು ಸಿಗಲು ಕರ್ನಾಟಕದಲ್ಲಿ 1994ರವರೆಗೆ, ಇಡೀ ದೇಶದಲ್ಲಿ 2005ರವರೆಗೆ ಕಾಯಬೇಕಾಯಿತು.

ಮಾತು

• ಇಂಗ್ಲೆಂಡಿನ ಎರಡನೆಯ ಹೆನ್ರಿಗೆ ಥಾಮಸ್ ಬೆಕೆಟ್ ಎಂಬ ನೆಚ್ಚಿನ ಮಂತ್ರಿ ಇದ್ದ. 1162ರಲ್ಲಿ ಆತ ಕ್ಯಾಂಟರ್‌ಬರಿಯ ಮಹಾಧರ್ಮಾಧ್ಯಕ್ಷನಾದ ಮೇಲೆ ಅರಸನಿಗಿಂತ ಧರ್ಮ ದೊಡ್ಡದು ಎಂದು ನಿಂತ. 1170ರ ಡಿಸೆಂಬರ್ 29ರಂದು ಹೆನ್ರಿಯ ನಾಲ್ವರು ಸರದಾರರು ಅವನನ್ನು ಚರ್ಚಿನೊಳಗೇ ಕೊಂದರು. ಇದೇ ದಶಕಗಳಲ್ಲಿ ಬಾಗೇವಾಡಿಯ ಬಸವಣ್ಣ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದರು. ಅರಸನ ಸೇವೆಯಲ್ಲಿ ಇದ್ದೇ ಅರಸನ ಜಗತ್ತಿನ ತಳಪಾಯವನ್ನು ಪ್ರಶ್ನಿಸಿದರು.

• ಬಿಜ್ಜಳ ಮೊದಲು ಮಂಗಳವಾಡದ ಸಾಮಂತ. ಇಂಡಿಯಿಂದ ದೂರವೇನಲ್ಲ. 1157ರ ಹೊತ್ತಿಗೆ ಚಾಲುಕ್ಯರನ್ನು ಬದಿಗೊತ್ತಿ ಕಲ್ಯಾಣವನ್ನು ಕೈಗೆ ತೆಗೆದುಕೊಂಡ. ಒಂದು ಕಾಲಕ್ಕೆ ಸಾಮಂತನೊಬ್ಬ ಎದ್ದು ಕಟ್ಟಿದ ರಾಜ್ಯವನ್ನು ಇನ್ನೊಬ್ಬ ಸಾಮಂತನೇ ನುಂಗಿದ.

• ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಕಲ್ಯಾಣದಲ್ಲಿ ಮದುವೆ ನಡೆಯಿತು. ಇಬ್ಬರು ತಂದೆಯರಿಗೂ ಎಳೆಹೂಟೆಯ, ಎಂದರೆ ಎಳೆದಾಡಿಸಿ ಕೊಲ್ಲುವ, ಶಿಕ್ಷೆಯಾಯಿತು. ಶರಣ ಪರಂಪರೆ ಇದನ್ನು ಇಂದಿಗೂ ಕಣ್ಣೀರಿಟ್ಟು ನೆನೆಯುತ್ತದೆ. 1167–68ರ ಹೊತ್ತಿಗೆ ಬಿಜ್ಜಳನ ಆಳಿಕೆ ಮುಗಿಯಿತು, ಶರಣರು ದಿಕ್ಕುಪಾಲಾದರು.

• ಫ್ರಾನ್ಸಿನ ಲಿಯಾನ್ ಪಟ್ಟಣದ ಶ್ರೀಮಂತ ವ್ಯಾಪಾರಿ ವಾಲ್ಡೊ 1170ರ ದಶಕದಲ್ಲಿ ಆಸ್ತಿ ಹಂಚಿಬಿಟ್ಟು, ಬೈಬಲಿನ ಭಾಗಗಳನ್ನು ಜನರ ಭಾಷೆಗೆ ಅನುವಾದ ಮಾಡಿಸಿದ. 1184ರಲ್ಲಿ ಅವನ ಅನುಯಾಯಿಗಳಿಗೆ ಚರ್ಚು ಬಹಿಷ್ಕಾರ ಹಾಕಿತು. ವಾಲ್ಡೊ ಹಳೆಯ ಗ್ರಂಥವನ್ನು ಜನರ ಭಾಷೆಗೆ ತಂದ. ನಮ್ಮ ಶರಣರು ಯಾವ ಅನುವಾದಕ್ಕೂ ಕಾಯದೆ ಜನರ ಭಾಷೆಯಲ್ಲೇ ಹೊಸ ಮಾತು ಹುಟ್ಟಿಸಿದರು.

• ಇಂಗ್ಲೆಂಡಿನ ಮ್ಯಾಗ್ನಾ ಕಾರ್ಟ ಬಂದದ್ದು 1215ರಲ್ಲಿ, ಸೈಮನ್ ಡಿ ಮಾಂಟ್‌ಫರ್ಟ್ ಕರೆದ ಪಾರ್ಲಿಮೆಂಟು ಸೇರಿದ್ದು 1265ರಲ್ಲಿ. ಕಲ್ಯಾಣದಲ್ಲಿ ಶರಣರು ಕೂಡುತ್ತಿದ್ದ ಅನುಭವ ಮಂಟಪವನ್ನು ಇವುಗಳ ಜೊತೆ ಹೋಲಿಸುವುದು ವಾಡಿಕೆಯಾಗಿದೆ. ಆದರೆ ಯಾರ್‍ಯಾರು ಕೂತಿದ್ದರು ಎಂಬುದನ್ನೂ ನೋಡಬೇಕು. ಮ್ಯಾಗ್ನಾ ಕಾರ್ಟಕ್ಕೆ ಒತ್ತಾಯಿಸಿದವರು ಜಮೀನ್ದಾರ ಸರದಾರರು. ಕಲ್ಯಾಣದಲ್ಲಿ ಕೂತವರು ಸಮಗಾರರು, ಮಡಿವಾಳರು, ಅಂಬಿಗರು, ಹಗ್ಗ ಹೊಸೆಯುವವರು, ಅವರ ಹೆಂಗಸರು. ಅವರು ಕೇಳಿದ್ದು ತೆರಿಗೆಯ ರಿಯಾಯಿತಿಯನ್ನಲ್ಲ. ಮನುಷ್ಯ ಮನುಷ್ಯನಿಗಿಂತ ಯಾಕೆ ಕೀಳು ಎಂದು ಕೇಳಿದರು.

• ಮಡಿವಾಳ ಮಾಚಿದೇವರ ಊರು ಹಳೆಯ ಸಿಂದಗಿ ತಾಲೂಕಿನ ದೇವರ ಹಿಪ್ಪರಗಿ. ಕಲ್ಯಾಣ ಹೊತ್ತಿ ಉರಿದಾಗ ವಚನಗಳ ಕಟ್ಟುಗಳನ್ನು ಹೊತ್ತ ಶರಣರಿಗೆ ಬೆಂಗಾವಲಾಗಿ ಹೋರಾಡಿದವರು ಇವರೇ ಎಂದು ಪರಂಪರೆ ಹೇಳುತ್ತದೆ. ಬಟ್ಟೆಯ ಕೊಳೆ ತೆಗೆಯುತ್ತಿದ್ದ ಕೈಗಳೇ ಕನ್ನಡದ ತಾಳೆಗರಿಗಳನ್ನು ಕಾಯ್ದವು.

• ಬಸವಣ್ಣನವರ ಮಡದಿ ನೀಲಾಂಬಿಕೆ ಕೂಡಲಸಂಗಮದ ದಾರಿಯಲ್ಲಿ ಐಕ್ಯರಾದದ್ದು ಮುದ್ದೇಬಿಹಾಳ ತಾಲೂಕಿನ ಕೃಷ್ಣಾ ದಂಡೆಯ ತಂಗಡಗಿಯಲ್ಲಿ. ಅವರನ್ನು ಕರೆತರಲು ಹೋಗಿದ್ದ ಹಡಪದ ಅಪ್ಪಣ್ಣನವರ ನೆಲೆಯೂ ಅಲ್ಲೇ. ಈ ಊರಿನ ಹೆಸರು ನೆನಪಿಟ್ಟುಕೊಳ್ಳಿ, ಇನ್ನೊಮ್ಮೆ ಬರುತ್ತದೆ.

• ನೀಲಾಂಬಿಕೆ, ಅಕ್ಕನಾಗಮ್ಮ, ಅಕ್ಕಮಹಾದೇವಿ ವಚನ ಹೇಳುತ್ತಿದ್ದ ಕಾಲಕ್ಕೆ ಜರ್ಮನಿಯಲ್ಲಿ ಹಿಲ್ಡೆಗಾರ್ಡ್ ಎಂಬ ಸನ್ಯಾಸಿನಿ ಸಂಗೀತ, ವೈದ್ಯ, ದರ್ಶನ ಮೂರರಲ್ಲೂ ಬರೆಯುತ್ತಿದ್ದರು. ಅವರ ಕಾಲ 1098ರಿಂದ 1179. ಎರಡು ಖಂಡಗಳ ಹೆಣ್ಣುಮಕ್ಕಳು ಒಂದೇ ಶತಮಾನದಲ್ಲಿ ಬಾಯಿ ತೆರೆದಿದ್ದರು.

• ಬಸವಣ್ಣ ಪುರಾಣದ ವ್ಯಕ್ತಿಯೋ ಚರಿತ್ರೆಯ ವ್ಯಕ್ತಿಯೋ ಎಂದು ಒಂದು ಕಾಲಕ್ಕೆ ಚರ್ಚೆ ನಡೆದಿತ್ತು. ಉತ್ತರ ಕೊಟ್ಟದ್ದು ಬೆಳಗಾವಿ ಜಿಲ್ಲೆಯ ಅರ್ಜುನವಾಡದ 1260ರ ಶಾಸನ. ತರ್ದವಾಡಿ ನಾಡಿನ ಬಾಗೇವಾಡಿ, ತಂದೆ ಮಾದಿರಾಜ, ಮಗ ಬಸವರಾಜ: ಮೂರೂ ಅದರಲ್ಲಿವೆ. ತೈಲಪ ಆಳಿದ ತರ್ದವಾಡಿಯೇ ಬಸವಣ್ಣನವರ ನಾಡೂ ಹೌದು.

ಕಲ್ಲು

• 1318ರಲ್ಲಿ ದೇವಗಿರಿಯ ಯಾದವರ ಆಳಿಕೆ ಪೂರಾ ಮುಗಿದು ಈ ಸೀಮೆ ದಿಲ್ಲಿಯ ಕೈಸೇರಿತು. ಎರಡೇ ವರ್ಷದಲ್ಲಿ, 1320ರಲ್ಲಿ, ವಿಜಯಪುರದ ಕೋಟೆಯೊಳಗೆ ಮಲಿಕ್ ಕರೀಮುದ್ದೀನನ ಮಸೀದಿ ಎದ್ದಿತು. ಅದರ ಕಂಬಗಳು ಹಳೆಯ ಗುಡಿಗಳಿಂದ ತಂದವು. ಅಲ್ಲಿರುವ ನಾಗರಿ ಲಿಪಿಯ ಶಾಸನ ಕಟ್ಟಿದವನ ಹೆಸರನ್ನೂ ಹೇಳುತ್ತದೆ: ಸಾಲೋಟಗಿಯ ರೇವೋಯ.

• ಅದೇ ಸಾಲೋಟಗಿ. ಮಹಾಶಾಲೆಯ ಊರಿನ ಕುಶಲಕರ್ಮಿ ಮೂರೂಮುಕ್ಕಾಲು ಶತಮಾನದ ಮೇಲೆ ಹೊಸ ಅರಸರಿಗೆ ಹೊಸ ಬಗೆಯ ಕಟ್ಟಡ ಕಟ್ಟಿಕೊಟ್ಟ. ರಾಜ್ಯ ಬದಲಾಯಿತು, ಧರ್ಮ ಬದಲಾಯಿತು, ಕಲ್ಲಿನ ವಿದ್ಯೆ ಬಲ್ಲ ಕೈ ಮಾತ್ರ ಈ ಮಣ್ಣಿನದೇ ಇತ್ತು. ಯುರೋಪಿನ ಎಷ್ಟೋ ಮಹಾಚರ್ಚುಗಳನ್ನು ಕಟ್ಟಿದವರ ಹೆಸರು ಯಾರಿಗೂ ಗೊತ್ತಿಲ್ಲ. ನಮ್ಮ ರೇವೋಯನ ಹೆಸರು ಕಲ್ಲಿನಲ್ಲಿ ಉಳಿದಿದೆ, ನಮ್ಮ ಬಾಯಲ್ಲಿ ಉಳಿದಿಲ್ಲ.

ಬರ

• ಯುರೋಪನ್ನು 1315ರಿಂದ 1317ರವರೆಗೆ ಮಳೆಯೇ ಕೆಡಿಸಿತು. ಬಿಡದೆ ಸುರಿದು ಬೆಳೆ ಕೊಳೆತು ಮಹಾಕ್ಷಾಮ ಬಂತು. ನಮ್ಮ ಸೀಮೆಯನ್ನು ಮಳೆ ಕೈಬಿಟ್ಟು ಕೆಡಿಸಿತು. 1396ರಿಂದ ಸುಮಾರು 12 ವರ್ಷ ದಖ್ಖನ್ನನ್ನು ಹಿಂಡಿದ ಬರಕ್ಕೆ ಜನ ‘ದುರ್ಗಾದೇವಿ ಬರ’ ಎಂದು ಹೆಸರಿಟ್ಟರು.

• 1347ರ ಅಕ್ಟೋಬರಿನಲ್ಲಿ ಸಿಸಿಲಿಯ ಮೆಸ್ಸಿನ ಬಂದರಿಗೆ ಬಂದ ಹಡಗುಗಳಿಂದ ಪ್ಲೇಗು ಇಳಿದು, ಕೆಲವೇ ವರ್ಷಗಳಲ್ಲಿ ಯುರೋಪಿನ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಜನರನ್ನು ಒಯ್ದಿತು. ಅದೇ 1347ರಲ್ಲಿ ಹಸನ್ ಬಹಮನ್ ಶಾಹ ದಿಲ್ಲಿಯಿಂದ ಬಿಡಿಸಿಕೊಂಡು ಬಹಮನಿ ರಾಜ್ಯ ಕಟ್ಟಿ, ಕಲಬುರ್ಗಿಯನ್ನು ರಾಜಧಾನಿ ಮಾಡಿದ. ಸಿಂದಗಿ ಮತ್ತು ಇಂಡಿಗೆ ರಾಜಧಾನಿ ಇದ್ದಕ್ಕಿದ್ದಂತೆ ಹತ್ತಿರವಾಯಿತು.

ತೋಪು

• 1453ರಲ್ಲಿ ಕಾನ್‌ಸ್ಟಾಂಟಿನೋಪಲಿನ ಗೋಡೆಗಳನ್ನು ತುರ್ಕರ ಎರಡನೆಯ ಮೆಹಮದನ ತೋಪುಗಳು ಒಡೆದವು. ಯುರೋಪಿನ ಮಧ್ಯಯುಗ ಅಲ್ಲಿಗೆ ಮುಗಿಯಿತು ಎನ್ನುವವರಿದ್ದಾರೆ. ವಿಜಯಪುರದಲ್ಲಿ 1489–90ರ ಹೊತ್ತಿಗೆ ಆದಿಲಶಾಹಿ ಸ್ಥಾಪಿಸಿದ ಯೂಸುಫ್, ಇದೇ ಮೆಹಮದನ ತಮ್ಮ ಎಂಬ ಕತೆಯನ್ನು ವಿಜಯಪುರದ ಆಶ್ರಯದಲ್ಲಿದ್ದ ಇತಿಹಾಸಕಾರ ಫರಿಷ್ತಾ ಬರೆದಿಟ್ಟಿದ್ದಾನೆ. ಕತೆಯ ನಿಜವೇನೇ ಇರಲಿ, ತುರ್ಕರ ಕೀರ್ತಿ ಡೋಣಿ ತೀರದವರೆಗೂ ಮುಟ್ಟಿತ್ತು ಎಂಬುದಕ್ಕೆ ಅದೇ ಸಾಕ್ಷಿ.

• ವಿಜಯಪುರದ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹುಸೇನ್ ರೂಮಿ. ‘ರೂಮಿ’ ಎಂದರೆ ತುರ್ಕರ ನಾಡಿನವ. ತೋಪಿನ ತೂಕ ಸುಮಾರು 55 ಟನ್.

• ವಿಜಯನಗರಕ್ಕೂ ದಖ್ಖನ್ನಿನ ಸುಲ್ತಾನರಿಗೂ 1565ರ ಜನವರಿ 23ರಂದು ನಡೆದ ಯುದ್ಧಕ್ಕೆ ಹೆಸರು ಎರಡು. ತಾಳಿಕೋಟಿ ಎಂಬುದು ಸುಲ್ತಾನರ ದಂಡು ಸೇರಿ ಬೀಡುಬಿಟ್ಟ ಊರಿನಿಂದ ಬಂತು. ‘ರಕ್ಕಸತಂಗಡಿ’ ಎಂಬುದರಲ್ಲಿ ರಕ್ಕಸರು ಯಾರೂ ಇಲ್ಲ. ರಕ್ಕಸಗಿ, ತಂಗಡಗಿ ಎಂಬ ಎರಡು ಹಳ್ಳಿಗಳ ಹೆಸರು ಕೂಡಿ ಆದದ್ದು ಅದು. ಹೌದು, ನೀಲಾಂಬಿಕೆ ಐಕ್ಯರಾದ ತಂಗಡಗಿಯೇ. ಮನುಷ್ಯರೆಲ್ಲ ಒಂದೇ ಎಂದವರ ನೆಲೆಯ ಆಸುಪಾಸಿನಲ್ಲೇ ನಾಲ್ಕು ಶತಮಾನದ ಮೇಲೆ ಕೃಷ್ಣೆ ರಕ್ತ ಕಂಡಳು.

• ಈ ಯುದ್ಧದ ಮೊದಲ ಮಾತುಕತೆ ಮದುವೆಯ ಚಪ್ಪರದಲ್ಲಿ ನಡೆಯಿತು ಎನ್ನಬಹುದು. ಬದ್ಧವೈರಿಗಳಾಗಿದ್ದ ಅಹಮದನಗರ ಮತ್ತು ವಿಜಯಪುರ ಬೀಗರಾದವು. ಹುಸೇನ್ ನಿಜಾಮ ಶಾಹನ ಮಗಳು ಚಾಂದಬೀಬಿ ಅಲಿ ಆದಿಲ ಶಾಹನ ಕೈಹಿಡಿದಳು, ಜಗಳದ ಗಂಟಾಗಿದ್ದ ಸೋಲಾಪುರ ಕೋಟೆ ಬಳುವಳಿಯಾಗಿ ಬಂತು. ಗೋಲ್ಕೊಂಡ, ಬೀದರ ಜೊತೆಗೂಡಿದವು. ಅದಕ್ಕೆ ಕೆಲವು ವರ್ಷ ಮೊದಲು ಇದೇ ಅಲಿ, ವಿಜಯನಗರವನ್ನು ನಡೆಸುತ್ತಿದ್ದ ರಾಮರಾಯನ ಮಗ ತೀರಿದಾಗ, ಅಲ್ಲಿಗೆ ಹೋಗಿ ಸಂತಾಪ ಹೇಳಿ ಬಂದಿದ್ದ.

• ಯುದ್ಧದ ದಿನವೇ ರಾಮರಾಯ ಸತ್ತ. ಆಮೇಲೆ ವಿಜಯನಗರ ಹಾಳಾಯಿತು, ರಾಜಧಾನಿ ಪೆನುಕೊಂಡೆಗೆ ಹೋಯಿತು. ಎರಡು ವರ್ಷ ಕಳೆದು 1567ರಲ್ಲಿ ಆ ಹಾಳು ಪಟ್ಟಣವನ್ನು ಕಣ್ಣಾರೆ ಕಂಡು ಬರೆದವನು ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್. ಅದೇ 1565ರಲ್ಲಿ ಯುರೋಪಿನ ಮಾಲ್ಟ ದ್ವೀಪ ತುರ್ಕರ ಮುತ್ತಿಗೆಯನ್ನು ತಡೆದುಕೊಂಡು ಉಳಿಯಿತು.

ಒಲೆ

• 1492ರಲ್ಲಿ ಕೊಲಂಬಸ್ ಅಮೆರಿಕ ಮುಟ್ಟಿದ. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದ. 1510ರ ನವೆಂಬರ್ 25ರಂದು ಅಲ್ಬುಕರ್ಕ್ ಆದಿಲಶಾಹಿಗಳಿಂದ ಗೋವೆಯನ್ನು ಕಿತ್ತುಕೊಂಡ. ವಿಜಯಪುರ ಕಳೆದುಕೊಂಡದ್ದು ಬಂದರನ್ನು ಮಾತ್ರವಲ್ಲ, ಅರಬ್ಬಿ ಕುದುರೆಗಳು ಇಳಿಯುವ ಬಾಗಿಲನ್ನು. 1570–71ರಲ್ಲಿ ಅಲಿ ಆದಿಲ ಶಾಹ ಗೋವೆಗೆ ಮುತ್ತಿಗೆ ಹಾಕಿದರೂ ಅದು ಮರಳಿ ಬರಲಿಲ್ಲ.

• ಇವುಗಳಲ್ಲಿ ಮೊದಲ ಮೂರು ಇಸವಿಗಳ ಫಲ ಇಂದು ನಿಮ್ಮ ತಾಟಿನಲ್ಲಿದೆ. ಮೆಣಸಿನಕಾಯಿ, ಶೇಂಗಾ, ಟೊಮೆಟೊ, ಬಟಾಟಿ ಎಲ್ಲವೂ ಅಮೆರಿಕದ ಮಣ್ಣಿನವು. ಬಸವಣ್ಣನವರು ಉಂಡ ಊಟದಲ್ಲಿ ಕೆಂಪು ಖಾರ ಇರಲಿಲ್ಲ, ಶೇಂಗಾ ಚಟ್ನಿ ಇರಲಿಲ್ಲ. ಜೋಳದ ರೊಟ್ಟಿ ಮಾತ್ರ ಅಂದಿನದೇ. ಹೆಸರೇ ಗುಟ್ಟು ಹೇಳುತ್ತದೆ: ಮೊದಲು ನಮಗಿದ್ದ ಖಾರ ಮೆಣಸು. ಅದರಂತೆ ಖಾರವಿದ್ದ ಹೊಸ ಕಾಯಿಗೆ ಜನ ಮೆಣಸಿನಕಾಯಿ ಎಂದರು.

• ತಂಬಾಕು ಕೂಡ ಹೀಗೇ ಬಂತು. ಅಕ್ಬರನ ಕಡೆಯ ಅಸದ್ ಬೇಗ್ ಎಂಬವನು ಅದನ್ನು ಮೊದಲು ಕಂಡದ್ದು ವಿಜಯಪುರದಲ್ಲಿ. ಹುಕ್ಕಾ ಸಮೇತ ಒಯ್ದು ಬಾದಶಹನ ಮುಂದಿಟ್ಟ.

ಅಚ್ಚು

• 1455ರ ಸುಮಾರಿಗೆ ಗುಟೆನ್‌ಬರ್ಗ್ ಅಚ್ಚುಮೊಳೆಗಳಿಂದ ಬೈಬಲನ್ನು ಮುದ್ರಿಸಿದ. ಪ್ರತಿಗಳು ಸುಮಾರು 180. ಅದಕ್ಕೂ ಸುಮಾರು 450 ವರ್ಷ ಮೊದಲು, ತರ್ದವಾಡಿಯಿಂದ ಎದ್ದ ತೈಲಪನ ಮನೆತನದ ಆಳಿಕೆಯಲ್ಲಿ, ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಕೈಯಲ್ಲೇ ಬರೆಯಿಸಿ ಹಂಚಿದಳು.

• ವಚನಗಳಿಗೆ ಅಚ್ಚಿನ ಭಾಗ್ಯ ಬಂದದ್ದು ತೀರಾ ತಡವಾಗಿ. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಮನೆಮನೆಗೆ ಹೋಗಿ ತಾಳೆಗರಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದರು. ಮನೆ ಮಾರಿ ಹಿತಚಿಂತಕ ಮುದ್ರಣಾಲಯ ನಡೆಸಿದರು. ಗುಟೆನ್‌ಬರ್ಗನ ಹೆಸರು ಬಲ್ಲ ಪ್ರತಿ ಮಗುವಿಗೂ ಹಳಕಟ್ಟಿಯವರ ಹೆಸರು ಗೊತ್ತಿರಬೇಕು.

ಕಡೆಯದೊಂದು

• ಮೇಲೆ ಹೇಳಿದ್ದರಲ್ಲಿ ಅರಸರು ಗೆದ್ದದ್ದು, ಸೋತದ್ದು ಎಲ್ಲ ಮುಗಿದುಹೋಗಿದೆ. ಮತ್ತೆ ಮಾಡಬಹುದಾದದ್ದು ಒಂದಿದೆ. ಪಾವಿಟ್ಟಗೆಯವರು ಮದುವೆಗೊಮ್ಮೆ ಶಾಲೆಗೆ 5 ನಾಣ್ಯ ಕೊಡುತ್ತಿದ್ದರು. ಈ ಸಲದ ಲಗ್ನಸರಾಯಿಯಲ್ಲಿ ನಮ್ಮ ನಾಲ್ಕು ತಾಲೂಕುಗಳ ಪ್ರತಿ ಚಪ್ಪರದಿಂದ ಊರ ಶಾಲೆಯ ಪುಸ್ತಕದ ಕಪಾಟಿಗೆ ಒಂದಿಷ್ಟು ಮುಯ್ಯಿ ಹೋಗಲಿ. ಸಾಲೋಟಗಿಯ ಕಲ್ಲು 1000 ವರ್ಷದಿಂದ ಕೇಳುತ್ತಿರುವುದು ಅಷ್ಟೇ.